ನಾಲ್ಕು ಜನರ ಟೆಂಟು

ಟೆಂಟು ಮನೆಗೆ ಬಂದಿದ್ದು 2025ರ ನವೆಂಬರ್ ಮೊದಲ ವಾರ. ಕಿತ್ತಳೆ ಬಣ್ಣದ್ದು, ಡಬ್ಬದ ಮೇಲೆ "ನಾಲ್ಕು ಜನರಿಗೆ" ಅಂತ ಬರೆದಿತ್ತು. ಆವತ್ತು ರಾತ್ರಿನೇ ಹಲಸೂರಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ (ಕುಡಿಯೋ ಹಾಲಲ್ಲ ಸ್ವಾಮಿ, ನಡುಮನೆ) ಬಿಚ್ಚಿ ನಿಲ್ಲಿಸಿಯೇಬಿಟ್ವಿ. ನಿಲ್ಲಿಸಿದ ಮೇಲೆ ಗೊತ್ತಾಯ್ತು, ಅಡುಗೆಮನೆಗೆ ಹೋಗಬೇಕಂದ್ರೆ ಟೆಂಟಿನ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದು ಬಾಗಿಲಲ್ಲಿ ಹೊರಗೆ ಬೀಳಬೇಕು ಅಂತ. ರೂಮ್‌ಮೇಟ್ ಅದರೊಳಗೇ ಹಾಸಿಗೆ ಹಾಸಿಕೊಂಡು ಮಲಗಿದ. "ಏನೇ ಹೇಳು, ಕಾಡಿನ ಫೀಲಿಂಗ್ ಬರ್ತಿದೆ" ಅಂದ. ಹೊರಗೆ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಒಂದು ರಿವರ್ಸ್ ತಗೊಳ್ತಾ ಕುಯ್ಯೋ ಅಂತಿತ್ತು.

ಈ ಹುಚ್ಚಿಗೆಲ್ಲ ಕಾರಣ ತೇಜಸ್ವಿ. ಹೈಸ್ಕೂಲಿನಲ್ಲಿದ್ದಾಗ ಮೈಸೂರಿನ ಲೈಬ್ರರಿಯಿಂದ 'ಕಾಡಿನ ಕತೆಗಳು' ತಂದು ಓದಿದ್ದೆ. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದಿದ್ದನ್ನ ತೇಜಸ್ವಿ ತಮ್ಮದೇ ಕನ್ನಡಕ್ಕೆ ತಂದ ಪುಸ್ತಕಗಳು ಅವು. ಅದರಲ್ಲೊಂದರ ಹೆಸರು 'ಬೆಳ್ಳಂದೂರಿನ ನರಭಕ್ಷಕ'. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ ಆಫೀಸಿನ ವಿಳಾಸದಲ್ಲಿ ಬೆಳ್ಳಂದೂರು ಅಂತ ನೋಡಿ ನಂಗೆ ರೋಮಾಂಚನ ಆಗಿತ್ತು! ಕತೆಯ ಬೆಳ್ಳಂದೂರು ಶಿವಮೊಗ್ಗ ಸೀಮೆಯದು, ಇದು ಬೇರೆ ಅಂತ ಆಮೇಲೆ ತಿಳೀತು. ಆದ್ರೂ ಸಂಜೆ ಆರೂವರೆಗೆ ಔಟರ್ ರಿಂಗ್ ರೋಡಿಗೆ ಇಳಿದವರಿಗೆ ಆ ಹೆಸರು ಇದಕ್ಕೂ ಒಪ್ಪುತ್ತೆ ಅನ್ನಿಸದೇ ಇರಲ್ಲ.

ಆಂಡರ್ಸನ್ ಬೆಂಗಳೂರಿನವರೇ. 1974ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ನಮ್ಮ ಈ ಪೂರ್ವ ದಿಕ್ಕಿನ ಹೆಚ್‌ಎಎಲ್‌ನಲ್ಲಿ, ಆಗಿನ ವಿಮಾನ ಕಾರ್ಖಾನೆಯಲ್ಲಿ, ಕೆಲಸ ಮಾಡಿದವರು. ಅದೂ ಪ್ಲಾನಿಂಗ್ ವಿಭಾಗದಲ್ಲಿ! ವಾರವೆಲ್ಲ ಪ್ಲಾನಿಂಗ್ ಮಾಡಿ, ಬಿಡುವು ಸಿಕ್ಕಾಗ ಕಾರು ಹತ್ತಿ ಕಾಡಿಗೆ ಹೋಗಿ ಮರದ ಕೆಳಗೆ ಮಲಗುತ್ತಿದ್ದ ಮನುಷ್ಯ. ನಂಗೂ ಬೇಕಿದ್ದಿದ್ದು ಅಷ್ಟೇ. ಒಂದು ರಾತ್ರಿ, ಕಾಡು, ನಕ್ಷತ್ರ, ದೂರದಲ್ಲೆಲ್ಲೋ ಕಡವೆಯ ಕೂಗು.

ಸರಿ, ಪ್ಲಾನಿಂಗ್ ಶುರುವಾಯ್ತು. ನಾಲ್ಕು ಜನ: ನಾನು, ರೂಮ್‌ಮೇಟು, ನಮ್ಮ ಟೀಮಿನ ಟೆಸ್ಟರ್, ಮತ್ತೆ ಇಂದಿರಾನಗರದಲ್ಲಿರೋ ಅವನ ಗೆಳೆಯ, ಕಾರು ಅವನದ್ದು. ಇಂಜಿನಿಯರುಗಳು ಸೇರಿದ ಮೇಲೆ ಕೇಳಬೇಕಾ? ಮೊದಲು ಎಕ್ಸೆಲ್ ಶೀಟ್ ಹುಟ್ಟಿತು. ಜಾಗ, ದೂರ, ಖರ್ಚು, 'ಪ್ರಾಣಿ ಕಾಣುವ ಸಾಧ್ಯತೆ' ಅಂತ ಒಂದು ಕಾಲಂ. ಆ ಕಾಲಮ್ಮಿಗೆ ಟೆಸ್ಟರ್ ಕೆಂಪು ಹಳದಿ ಹಸಿರು ಬಣ್ಣ ಬೇರೆ ಬಳಿದ.

ಬಂಡೀಪುರ ಮೊದಲ ಸಾಲು. ಅದನ್ನ ಅಳಿಸೋಕೆ ಹತ್ತು ನಿಮಿಷ ಸಾಕಾಯ್ತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗಿನ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಅಲ್ಲಿ ಹೋಗಿ ಟೆಂಟ್ ಹೊಡೀತೀವಿ ಅಂದ್ರೆ ಯಾರು ಬಿಡ್ತಾರೆ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಕ್ಕೆ ಕಾಲಿಡೋಕೇ ಪರವಾನಗಿ ಬೇಕು, ರಾತ್ರಿ ಉಳಿಯೋದು ದೂರದ ಮಾತು. 2009ರಿಂದ ಆ ಹೆದ್ದಾರಿಗಳಲ್ಲೇ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿ ಓಡಾಟಕ್ಕೆ ತಡೆ. ಲಾರಿಗೇ ಇಲ್ಲದ ಮರ್ಯಾದೆ ನಮ್ಮ ಟೆಂಟಿಗೆಲ್ಲಿಂದ?

"ಹೋಗ್ಲಿ, ಸಫಾರಿ ಆದ್ರೂ ಮಾಡಿ, ಹೊರಗೆಲ್ಲಾದ್ರೂ ಮಲಗೋಣ" ಅಂದ ಕಾರಿನವನು. ಅದೇ ವಾರ, ನವೆಂಬರ್ 7ಕ್ಕೆ, ಬಂಡೀಪುರ ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ ಸುದ್ದಿ ಬಂತು. ಸರಗೂರಿನ ಕಡೆ ಹುಲಿ ದಾಳಿಗೆ ಒಬ್ಬರ ಹಿಂದೆ ಒಬ್ಬರು ರೈತರು ಸತ್ತಿದ್ದರು. ಸಫಾರಿಯ ಸಿಬ್ಬಂದಿಯನ್ನೂ ಹುಲಿ ಹುಡುಕೋಕೆ ಹಾಕಿದ್ದರು. ಆ ಸುದ್ದಿಯ ಲಿಂಕನ್ನ ಗ್ರೂಪಿಗೆ ಹಾಕಿ ನಾನು ಟೈಪ್ ಮಾಡಿದ್ದು ಏನು ಗೊತ್ತಾ? "ಥೂ, ವೀಕೆಂಡ್ ಹಾಳಾಯ್ತು." ಮೂರು ಜನ ಅಳೋ ಮುಖದ ಸ್ಮೈಲಿ ಹಾಕಿದ್ರು. ಆ ಮೆಸೇಜು ಇನ್ನೂ ಅಲ್ಲೇ ಇದೆ. ಅಳಿಸಿಲ್ಲ.

ಆಮೇಲೆ ಗೋಪಿನಾಥಂ. ವೀರಪ್ಪನ್ ಹುಟ್ಟಿದೂರು. ಈಗ ಅಲ್ಲಿ ಜಂಗಲ್ ಲಾಡ್ಜಸ್‌ನವರು ಟೆಂಟಿನ ಕ್ಯಾಂಪು ಮಾಡಿದ್ದಾರೆ. ಕಾನೂನುಬದ್ಧವಾಗಿ, ಗೈಡ್ ಜೊತೆ, ಕಾವೇರಿ ವನ್ಯಧಾಮದ ಮಗ್ಗುಲಲ್ಲಿ ಮಲಗಬೇಕು ಅನ್ನೋರಿಗೆ ನಾನು ಈಗಲೂ ಹೇಳೋದು ಅಂಥ ಜಾಗಗಳನ್ನೇ. ಆದ್ರೆ ಟೆಸ್ಟರ್ ಫೋಟೋ ನೋಡಿ "ಇದರಲ್ಲಿ ಮಂಚ ಇದೆ, ಇದು ಕ್ಯಾಂಪಿಂಗ್ ಅಲ್ಲ" ಅಂತ ಬಗ್ ಹಾಕಿ ಕ್ಲೋಸ್ ಮಾಡಿದ. ನಾವು ಟೆಂಟಿಗೆ ದುಡ್ಡು ಕೊಟ್ಟಾಗಿತ್ತಲ್ಲ, ಅದನ್ನ ಉಪಯೋಗಿಸಲೇಬೇಕಿತ್ತು. (ತಗೊಂಡ ಸಾಮಾನಿಗೆ ತಕ್ಕ ಹಾಗೆ ಆಸೆ ಬೆಳೆಸೋದು ಹೇಗೆ ಅಂತ ನಮ್ಮನ್ನ ನೋಡಿ ಕಲೀಬೇಕು.)

ಇಷ್ಟರಲ್ಲಿ ಕಾರಿನವನು ಎಲ್ಲಿಂದಲೋ ಒಂದು ಫೋನ್ ನಂಬರ್ ತಂದ. ಕಾಡಂಚಿನಲ್ಲಿ, ಹೊಳೆ ದಂಡೆಯಲ್ಲಿ, ಯಾರೋ ಖಾಸಗಿಯವರು ನಡೆಸೋ ಕ್ಯಾಂಪು. ಕ್ಯಾಂಪ್‌ಫೈರ್, ಮ್ಯೂಸಿಕ್, ಬಾರ್ಬೆಕ್ಯೂ. "ಆನೆ ಬರುತ್ತಾ?" ಅಂತ ಕೇಳಿದ್ವಿ. "ಗ್ಯಾರಂಟಿ ಸಾರ್, ಹೋದ ವಾರ ಟೆಂಟಿನ ಪಕ್ಕಕ್ಕೇ ಬಂದಿತ್ತು" ಅಂದ ಆ ಕಡೆಯವನು, ಸ್ವಿಮ್ಮಿಂಗ್ ಪೂಲ್ ಇದೆ ಅನ್ನೋ ಥರ. ಪರ್ಮಿಶನ್ ಬಗ್ಗೆ ಕೇಳಿದ್ದಕ್ಕೆ "ಅದೆಲ್ಲ ನಾವ್ ನೋಡ್ಕೋತೀವಿ".

ಫೋನಿಟ್ಟ ಮೇಲೆ ನಂಗೆ ವಯನಾಡಿನ ಸುದ್ದಿ ನೆನಪಾಯ್ತು. 2021ರ ಜನವರಿ, ಮೇಪ್ಪಾಡಿ ಹತ್ತಿರ. ಟೆಂಟ್ ಕ್ಯಾಂಪಿಗೆ ಹೋಗಿದ್ದ ಒಬ್ಬಳು ಟೀಚರ್, ನಮ್ಮಷ್ಟೇ ವಯಸ್ಸು, ರಾತ್ರಿ ಆನೆ ದಾಳಿಗೆ ಸತ್ತುಹೋದಳು. ಗ್ರೂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಏನೂ ಬರೀಲಿಲ್ಲ. ಎಕ್ಸೆಲ್ ಶೀಟಿನಲ್ಲಿ 'ಪ್ರಾಣಿ ಕಾಣುವ ಸಾಧ್ಯತೆ' ಹಸಿರಾಗಿದ್ದ ಸಾಲು ಅದೊಂದೇ ಆಗಿತ್ತು. ಅದೂ ಹೋಯ್ತು.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳ್ತಿದ್ದೆ. ಅಮ್ಮ ಕೇಳಿ ಕೇಳಿ, "ಅಷ್ಟಕ್ಯಾಕೋ ಒದ್ದಾಡ್ತೀಯಾ, ಮಾವನ ಹೊಲ ಇಲ್ವಾ?" ಅಂದರು.

ಹೌದಲ್ಲ! ಅಮ್ಮನ ತವರು ಹನೂರಿನ ಕಡೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ ಹೋಗಬೇಕು. ಮಾವನ ಎರಡೂವರೆ ಎಕರೆ ಹೊಲದ ಕೊನೆಯ ಬದುವಿನಿಂದ ಕಾಡಿಗೆ ಹೆಚ್ಚೆಂದರೆ ಅರ್ಧ ಕಿಲೋಮೀಟರು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಅಂತ ಘೋಷಣೆಯಾದ ಕಾಡು ಅದು. ಚಿಕ್ಕವನಿದ್ದಾಗ ಎಷ್ಟೋ ಬೇಸಿಗೆ ರಜ ಅಲ್ಲೇ ಕಳೆದಿದ್ದೇನೆ. 'ಜಾಗ' ಅನ್ನೋ ಕಾಲಮ್ಮಿನಲ್ಲಿ ಅದು ಒಂದು ಸಲವೂ ಬಂದಿರಲಿಲ್ಲ ನೋಡಿ. ಅದು ನಮ್ಮ ಲೆಕ್ಕದಲ್ಲಿ ನೆಂಟರ ಊರು, ಕಾಡಲ್ಲ.

ಮಾವನಿಗೆ ಫೋನ್ ಮಾಡಿದೆ.

"ಟೆಂಟಾ? ಯಾಕ್ಲಾ ಕೂಸು, ಮನ ಇಲ್ವ?"

"ಮನೆ ಇದೆ ಮಾವ. ರಾತ್ರಿ ಹೊಲದಲ್ಲಿ, ಹೊರಗಡೆ ಮಲಗೋ ಆಸೆ."

"ಮಲಗಾದಾ?" ಅಂತ ಮಾವ ನಕ್ಕರು. ನಕ್ಕು ಕೆಮ್ಮಿದರು. "ದಸರ ಕಳದ್ ಮ್ಯಾಲ ನಾನು ಮಲಗೇ ಇಲ್ಲ ಕನಪ್ಪ."

ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು. ತೆನೆ ಹಾಲು ತುಂಬೋ ಹೊತ್ತಿಗೆ ಆನೆಗೆ ಅದು ಹೇಗೆ ಗೊತ್ತಾಗುತ್ತೋ ಮಾದಪ್ಪನಿಗೇ ಗೊತ್ತು. ಅಲ್ಲಿಂದ ಕುಯ್ಲಿನ ತನಕ ಪ್ರತಿ ರಾತ್ರಿ ಹುಣಸೆ ಮರದ ಮೇಲಿನ ಅಟ್ಟಣೆಯಲ್ಲಿ ಮಾವ. ಕೆಳಗೆ ಬೆಂಕಿ, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಬಡಿಯೋಕೆ ಒಂದು ತಗಡಿನ ಡಬ್ಬ. ದೀಪಾವಳಿಗೆ ತಂದ ಪಟಾಕಿಯಲ್ಲಿ ಒಂದನ್ನೂ ಹಬ್ಬಕ್ಕೆ ಹೊಡೆಯದೆ ಎತ್ತಿಟ್ಟಿದ್ದಾರಂತೆ. ದಸರಾ ಮುಗಿದಿದ್ದು ಅಕ್ಟೋಬರ್ 2ಕ್ಕೆ. ನಾನು ಫೋನ್ ಮಾಡಿದ್ದು ನವೆಂಬರ್ ಕೊನೆಗೆ. ಲೆಕ್ಕ ಹಾಕಿದೆ, ಐವತ್ತೈದು ರಾತ್ರಿ. ಮಾವನಿಗೆ ಅರವತ್ತೊಂದು ವರ್ಷ.

ನಾವು ಯಾವುದನ್ನ ದುಡ್ಡು ಕೊಟ್ಟು ಹುಡುಕ್ತಾ ಇದ್ವೋ ಅದನ್ನ ಮಾವ ಐವತ್ತೈದು ದಿನದಿಂದ ಮಾಡ್ತಾ ಇದ್ದರು! ಮಂಚ ಇಲ್ಲ, ಗೋಡೆ ಇಲ್ಲ, ನಕ್ಷತ್ರ ಇದೆ, ಆನೆ ಗ್ಯಾರಂಟಿ. ನಮ್ಮ ಟೆಸ್ಟರ್ ಕೂಡ ಬಗ್ ಹಾಕೋಕಾಗದಂಥ ಕ್ಯಾಂಪಿಂಗು.

"ಕಂದಕ ಇದೆಯಲ್ಲ ಮಾವ? ಸೋಲಾರ್ ಬೇಲಿ?" ಅಂತ ನಾನು ಪೇಪರಿನಲ್ಲಿ ಓದಿದ್ದೆಲ್ಲ ಕೇಳಿದೆ. ಕಂದಕದ ಅಂಚನ್ನ ಆನೆ ಕಾಲಲ್ಲಿ ಕೆಡವಿ ದಾರಿ ಮಾಡಿಕೊಳ್ಳುತ್ತೆ, ಮಳೆಗೆ ಕೊಚ್ಚಿ ಬಂದ ಮಣ್ಣು ಉಳಿದಿದ್ದನ್ನ ತುಂಬುತ್ತೆ. ಬೇಲಿಯ ತಂತಿಯ ಮೇಲೆ ಮರ ಬೀಳಿಸಿ ದಾಟುತ್ತೆ, ಕೊಂಬಿಗೆ ಶಾಕ್ ಹೊಡೆಯಲ್ಲ ಅಂತ ಗೊತ್ತಾದ ಗಂಡಾನೆ ಕೊಂಬಲ್ಲೇ ತಂತಿ ಹರಿಯುತ್ತೆ. "ಅವಕ್ಕೂ ಬುದ್ಧಿ ಅದ ಕನ" ಅಂದರು ಮಾವ, ಸ್ವಲ್ಪ ಹೆಮ್ಮೆಯಿಂದಲೇ. ಹೊಲಕ್ಕೆ ಬರೋದು ಹೆಚ್ಚಾಗಿ ಒಂಟಿ ಸಲಗ. ಎಡಗಿವಿ ಹರಿದಿರೋದು ಒಂದಿದೆಯಂತೆ, ಅದಕ್ಕೆ ಮಾವ ಇಟ್ಟ ಹೆಸರು 'ನೆಂಟ'. ನೆಂಟ ಬಂದರೆ ಸದ್ದೇ ಇರಲ್ಲ. ಅಷ್ಟು ದೊಡ್ಡ ದೇಹ, ಕಾಲಡಿಯ ಮೆತ್ತೆಯಿಂದಾಗಿ ಒಣಗಿದ ಎಲೆಯೂ ಕೇಳಿಸಲ್ಲ. ಮೊದಲು ಕೇಳಿಸೋದು ರಾಗಿಯನ್ನ ಬುಡ ಸಮೇತ ಕಿತ್ತು, ಮಣ್ಣು ಉದುರಲಿ ಅಂತ ಮುಂಗಾಲಿಗೆ ಬಡಿಯೋ ಸದ್ದು. ಟಪ್, ಟಪ್. ಅಷ್ಟು ಹೊತ್ತಿಗೆ ಅದು ಹೊಲದ ಒಳಗಿದೆ ಅಂತ ಅರ್ಥ. ದಿನಕ್ಕೆ ನೂರೈವತ್ತು ಕಿಲೋ ತಿನ್ನೋ ಪ್ರಾಣಿ. ತಿಂದಿದ್ದಕ್ಕಿಂತ ತುಳಿದಿದ್ದೇ ಹೆಚ್ಚು.

"ಕರೆಂಟ್ ಬುಡೋರೂ ಅವ್ರ. ನಾನು ಬುಡಲ್ಲ" ಅಂದರು, ನಾನು ಕೇಳದೇ ಇದ್ದರೂ.

ಆಮೇಲೆ ನಂಗೆ ಕ್ಯಾಂಪಿಂಗ್ ಪಾಠ ಶುರುವಾಯ್ತು. ಇಂಟರ್ನೆಟ್ಟಿನಲ್ಲಿ ಅಷ್ಟೆಲ್ಲ ಓದಿದ್ದೆ, ಇದೊಂದೂ ಸಿಕ್ಕಿರಲಿಲ್ಲ. ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಮಲಗಬೇಡ, ಅದು ಅವುಗಳ ರಸ್ತೆ. ಬಾಳೆಹಣ್ಣು, ಹಲಸು, ಬೆಲ್ಲ, ಉಪ್ಪು ಹತ್ತಿರ ಇಟ್ಟುಕೋಬೇಡ, ಮೂಟೆ ಕಟ್ಟಿದ ಕಾಳಂತೂ ಬೇಡವೇ ಬೇಡ. ಹೆಂಡದ ವಾಸನೆ ಇದ್ದರೆ ಬರೋದು ಖಂಡಿತ (ಇಲ್ಲಿ ನಮ್ಮ ಕಾರಿನವನ ಮುಖ ನೆನಪಾಯ್ತು). ನಾಯಿ ಬೊಗಳೋದನ್ನ ನಿಲ್ಲಿಸಿ ಕಾಲ ಕೆಳಗೆ ಬಂದು ಕೂತರೆ ಮರ ಹತ್ತು. ಬ್ಯಾಟರಿ ಮುಖಕ್ಕೆ ಬಿಟ್ಟುಕೊಂಡು ಹತ್ತಿರ ಹೋಗೋ ಶೌರ್ಯ ಬೇಡ. ಅಟ್ಟಾಡಿಸಿದರೆ ಫೋಟೋ ತೆಗೀತಾ ನಿಲ್ಲಬೇಡ.

"ಟೆಂಟ್ ಯಾವ ಬಣ್ಣ?"

"ಕಿತ್ತಳೆ."

"ದೇವ್ರೇ ಮಾದಪ್ಪ."

ಹಲಸೂರಿಗೆ ಆ ಹೆಸರು ಹಲಸಿನ ಮರಗಳಿಂದ ಬಂತು ಅಂತಾರಲ್ಲ. ಫೋನಿಟ್ಟು ಬಾಲ್ಕನಿಯಲ್ಲಿ ನಿಂತು ನೋಡಿದೆ, ಕಣ್ಣಿಗೆ ಬಿದ್ದಿದ್ದು ಬರೀ ನೀರಿನ ಟ್ಯಾಂಕುಗಳು. ಯಾವ ಕಾಲದಲ್ಲೋ ಇಲ್ಲೂ ಯಾರೋ ಹಲಸಿನ ಕಾಯಿ ಕಾಯ್ತಾ ಅಟ್ಟಣೆ ಮೇಲೆ ಕೂತಿದ್ದಿರಬಹುದು. 2025ರ ಅಕ್ಟೋಬರಿನಲ್ಲಿ ಬಂದ ಡಿಎನ್‌ಎ ಆಧಾರಿತ ಗಣತಿಯಲ್ಲಿ ರಾಜ್ಯದಲ್ಲಿ 6,013 ಆನೆ ಅಂತ ಲೆಕ್ಕ ಸಿಕ್ಕಿತ್ತು, ದೇಶದಲ್ಲೇ ನಾವು ಮೊದಲು. ಅದನ್ನ ಸ್ಟೇಟಸ್ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಆ ಹೆಮ್ಮೆ ಸುಳ್ಳೇನಲ್ಲ. ಆದರೆ ಅದರ ರಾತ್ರಿ ಪಾಳಿ ಯಾರು ಮಾಡ್ತಾರೆ ಅಂತ ಯೋಚಿಸಿರಲಿಲ್ಲ. ಬೆಳೆಗೆ ಪರಿಹಾರ ಇದೆ, ದನಕ್ಕೆ ಇದೆ, ಜೀವ ಹೋದರೂ ಇದೆ. ನಿದ್ದೆಗೆ ಇಲ್ಲ.

ಮಾರನೇ ದಿನ ಗ್ರೂಪಿನಲ್ಲಿ ಹೊಸ ಪ್ಲಾನ್ ಹಾಕಿದೆ. ಹೊಲ. ಕ್ಯಾಂಪ್‌ಫೈರ್ ಸುತ್ತ ಹಾಡು ಇಲ್ಲ, ಬಿಯರ್ ಇಲ್ಲ, ಸರದಿ ಪ್ರಕಾರ ಎದ್ದಿರಬೇಕು, ಮೂರು ರಾತ್ರಿ, ಮಾವ ಮನೆಯಲ್ಲಿ ಮಲಗ್ತಾರೆ. ಟೆಸ್ಟರ್ "ಇದು ಟ್ರಿಪ್ಪಾ ಸಪೋರ್ಟ್ ಡ್ಯೂಟಿನಾ?" ಅಂತ ಕೇಳಿದ. ಕಾರಿನವನಿಗೆ ಅದೇ ವಾರ ಯಾವುದೋ ಮದುವೆ ನೆನಪಾಯ್ತು. ಅವರನ್ನ ದೂರಲ್ಲ, ನ್ಯಾಯವಾಗಿ ನೋಡಿದರೆ ಅವರು ಒಪ್ಪಿದ್ದು ಇದಕ್ಕಲ್ಲ. ರೂಮ್‌ಮೇಟು ಮಾತ್ರ ಟೆಂಟಿನೊಳಗಿಂದ ತಲೆ ಹೊರಗೆ ಹಾಕಿ "ನಾ ಬರ್ತೀನಿ, ಊಟ ಏನು?" ಅಂದ.

ಒಬ್ಬ ಇನ್ನೂ ಬಾಕಿ ಇದ್ದ. ಮಾವನ ಮಗ. ನಂಗಿಂತ ನಾಲ್ಕು ವರ್ಷ ಚಿಕ್ಕವನು, ಇರೋದು ಕೆ.ಆರ್. ಪುರದಲ್ಲಿ. ಕೆಲಸ ಊಟದ ಡೆಲಿವರಿ, ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಸುತ್ತಮುತ್ತ, ರಾತ್ರಿ ಒಂದರ ತನಕ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಕೆ.ಆರ್. ಪುರದ ಮಧ್ಯದ ಮೆಟ್ರೋ ಸೇರಿಕೊಂಡ ಮೇಲೆ ಹಲಸೂರಿನಿಂದ ಅವನಿರೋ ಕಡೆಗೆ ಒಂದೇ ರೈಲು. ಆದ್ರೂ ವರ್ಷಕ್ಕೆ ಎರಡು ಸಲ ಭೇಟಿಯಾದರೆ ಹೆಚ್ಚು. ತೂಗುಸೇತುವೆ ಹತ್ತಿರದ ಟೀ ಅಂಗಡಿಯಲ್ಲಿ ಸಿಕ್ಕ.

"ನೀನೂ ಬಾರೋ, ಮೂರು ದಿನ" ಅಂದೆ.

ಟೀ ಕುಡೀತಾ ಸುಮ್ಮನಿದ್ದ. ಎರಡು ವರ್ಷದ ಹಿಂದೆ ಅವನೇ ಕಾವಲಿಗೆ ಹೋಗ್ತಿದ್ದಿದ್ದು. ಒಂದು ರಾತ್ರಿ ಅಟ್ಟಣೆಯಿಂದ ಇಳಿದು ಉಚ್ಚೆಗೆ ಅಂತ ಹೋದಾಗ ಹಿಂದೆಯೇ ಆನೆ ನಿಂತಿತ್ತಂತೆ. ಓಡಿದಾನೆ. ಬದುವಿನಲ್ಲಿ ಎಡವಿ ಬಿದ್ದು, ಕಳ್ಳಿ ಬೇಲಿಯೊಳಗೆ ತೂರಿ, ಬೆಳಗಿನ ತನಕ ಅಲ್ಲೇ ಮಲಗಿದ್ದಾನೆ, ಉಸಿರು ಬಿಟ್ಟರೆ ಕೇಳಿಸುತ್ತೇನೋ ಅಂತ ಬಾಯಿಗೆ ಟವೆಲ್ ತುರುಕಿಕೊಂಡು. ಇದು ನಂಗೆ ಗೊತ್ತೇ ಇರಲಿಲ್ಲ. "ಊರಲ್ಲಿ ಕೆಲಸ ಇಲ್ಲ ಅಂತ ಬಂದ" ಅಂತ ನಾವೆಲ್ಲ ಅಂದುಕೊಂಡಿದ್ವಿ, ಮಾವ ಕೂಡ.

"ಅಪ್ಪಂಗೆ ಹೇಳ್ಬೇಡ" ಅಂದ. ನಾನು ಹೇಳಿಲ್ಲ. ಇಲ್ಲಿ ಬರೀಬಹುದಾ ಅಂತ ಕೇಳಿದ್ದಕ್ಕೆ "ಬರ್ಕೋ, ಅಪ್ಪ ಎಲ್ಲಿ ಓದ್ತಾನೆ" ಅಂತ ನಕ್ಕ.

ಹಿಂದಿನ ಜೂನಿನಲ್ಲಿ ಅವರ ಕಡೆಯ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವಲ್ಲ, ಆ ಮಾತೂ ಬಂತು. ಹುಲಿ ಕೊಂದ ಹಸುವಿನ ಮೈಗೆ ಯಾರೋ ವಿಷ ಹಾಕಿದ್ದರು. ಆಗ ಬೆಂಗಳೂರಿನಲ್ಲಿ ಕೂತು ನಾನು ಏನೇನು ಬೈದಿದ್ದೆ ಅಂತ ನಂಗೆ ನೆನಪಿದೆ. ಅವನು ಹೇಳಿದ್ದು ಇಷ್ಟೇ: "ಹುಲಿ ಮೇಲೆ ಕೂತಿರೋ ದೇವ್ರಿಗೆ ನಡ್ಕೊಳ್ಳೋ ಜನ ನಾವು. ವಿಷ ಹಾಕಿದ್ದು ತಪ್ಪೇ. ಆದ್ರೆ ಹಸ ಕಳ್ಕೊಂಡ ಮನೇಲಿ ಆವತ್ತು ಏನಾಗಿತ್ತು ಅಂತ ಯಾರೂ ಬಂದು ಕೇಳ್ಲಿಲ್ಲ ಅಣ್ಣ."

ಬರ್ತೀನಿ ಅಂತಾನೂ ಹೇಳಲಿಲ್ಲ, ಬರಲ್ಲ ಅಂತಾನೂ ಹೇಳಲಿಲ್ಲ. ವಾರಾಂತ್ಯದಲ್ಲಿ ಇನ್ಸೆಂಟಿವ್ ಜಾಸ್ತಿ ಅಂದ. ಫೋನಿನಲ್ಲಿ ಆರ್ಡರ್ ಬಂತು, ಹೆಲ್ಮೆಟ್ ಹಾಕಿಕೊಂಡ.

ಶನಿವಾರ ಶಿವಾಜಿನಗರಕ್ಕೆ ಹೋಗಿ ಸಾಮಾನು ತಂದ್ವಿ. ಹಳೆಯ ಪಟ್ಟಿಯಲ್ಲಿದ್ದ ಮಡಚೋ ಕುರ್ಚಿ, ಬ್ಲೂಟೂತ್ ಸ್ಪೀಕರ್, ಬಾರ್ಬೆಕ್ಯೂ ಕಂಬಿ ಎಲ್ಲ ಹೊಡೆದುಹಾಕಿದೆ. ಕಡುಹಸಿರು ಟಾರ್ಪಾಲು, ಇಪ್ಪತ್ತು ಮೀಟರು ಹಗ್ಗ, ಎರಡು ಒಳ್ಳೇ ಟಾರ್ಚು, ಕಂಬಳಿ. ರಸೆಲ್ ಮಾರ್ಕೆಟ್ಟಿನ ಹತ್ತಿರ ಬಂದಾಗ ರೂಮ್‌ಮೇಟು ಬಾಳೆಹಣ್ಣು ಕೊಳ್ಳೋಕೆ ನಿಂತ. ಎಳೆದುಕೊಂಡು ಬಂದೆ. "ಮಾವನ ಮನೆಗಲ್ವೇನೋ!" ಅಂತ ಅವನು. ಅದೂ ಸರಿ ಅಂತ ಒಂದು ಚಿಪ್ಪು ತಗೊಂಡ್ವಿ, ಹೊಲಕ್ಕೆ ಒಯ್ಯೋದಿಲ್ಲ ಅಂತ ಆಣೆ ಮಾಡಿಸಿಕೊಂಡು.

ರಜೆ ಮಂಜೂರಾದ ಮೇಲೆ ಮಾವನಿಗೆ ಮತ್ತೆ ಫೋನ್ ಮಾಡಿದೆ.

"ನಿದ್ದ ತಡದಿಯಾ ನೀನು?"

"ತಡೀತೀನಿ ಮಾವ. ಆಫೀಸಲ್ಲಿ ನಂಗೂ ರಾತ್ರಿ ಪಾಳಿ ಇರುತ್ತೆ. ಸರ್ವರ್ ಕಾಯೋದು."

"ಅದ ಯಾರ್ ಬಂದ್ ತಿಂತಾರ?"

ಉತ್ತರ ಹೊಳೀಲಿಲ್ಲ. ಕತ್ತಲಾಗೋಕೆ ಮುಂಚೆ ಊರು ಸೇರಬೇಕು, ಕೊಳ್ಳೇಗಾಲದಲ್ಲಿ ಕಾಲಹರಣ ಮಾಡಬೇಡ, ಮೊದಲ ರಾತ್ರಿ ನಾನೂ ಅಟ್ಟಣೆಯಲ್ಲೇ ಇರ್ತೀನಿ, ಎರಡನೇ ರಾತ್ರಿ ನೋಡೋಣ ಅಂತೆಲ್ಲ ಹೇಳಿ ಮಾವ ಇಟ್ಟರು.

ನಾಳೆ ಬೆಳಗ್ಗೆ ಬಸ್ಸು. ಟೆಂಟು ಇನ್ನೂ ಹಾಲಿನಲ್ಲೇ ನಿಂತಿದೆ, ಅದನ್ನ ಒಯ್ತಿಲ್ಲ. ಈಗ ಹನ್ನೊಂದೂವರೆಗೆ ಯಾರೋ ಬೆಲ್ ಮಾಡಿದರು. ನಾವು ಊಟ ಆರ್ಡರ್ ಮಾಡಿರಲಿಲ್ಲ. ಬಾಗಿಲು ತೆಗೆದರೆ ಅವನು, ಬೆನ್ನಿಗೆ ಡೆಲಿವರಿ ಚೀಲ. ಅದರೊಳಗಿಂದ ಒಂದು ಸ್ವೆಟರ್ ತೆಗೆದು ಕೊಟ್ಟ, ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. "ಅಪ್ಪಂಗೆ" ಅಂದ. ಆಮೇಲೆ ಟೆಂಟು ನೋಡಿ, ಬಗ್ಗಿ ಒಳಗೆ ಹೋಗಿ, ಒಂದು ನಿಮಿಷ ಮಲಗಿಕೊಂಡು, "ಎಷ್ಟೊತ್ತಿಗೆ ಬಸ್ಸು?" ಅಂತ ಕೇಳಿದ.